ನಾರಿಸ್ ‘ಗಾನ್ ಆಫ್’ ಆದದ್ದು

ಥೆಲ್ಮಾ: ಹೋಗಿದಾನೆ ಅಂತಾನೇ ಅರ್ಥ ಅಂತ ಎಷ್ಟು ಸಲ ಬಡ್ಕೋತೀಯ? ಎಲ್ಲಿಗೆ ಹೋಗಿದಾನೆ, ಅದನ್ನ ಹೇಳು ನೋಡೋಣ.

ಸಿರಿಲ್: ನಂಗೇನ್ ಗೊತ್ತು? ನನ್ನ ಕೇಳ್ಬಿಟ್ಟು ಹೋಗಿದಾನಾ?

ಥೆಲ್ಮಾ: ಶನಿವಾರ ಮಧ್ಯಾಹ್ನ ಇದು. ಮಾಂಸದಂಗಡೀಲಿ ಜನ ಬಾಗಿಲಾಚೆವರೆಗೂ ನಿಂತಿರ್ತಾರೆ. ಅಂಥ ಹೊತ್ತಲ್ಲಿ ಅಂಗಡಿಯವನು ಎದ್ದು ಎಲ್ಲಿಗೆ ಹೋಗ್ತಾನೆ?

ಸಿರಿಲ್: ಬಚ್ಚಲಿಗೆ ಹೋಗಿರ್ಬಹುದು.

ಥೆಲ್ಮಾ: ಬಚ್ಚಲಿಗೆ ಹೋದ್ರೆ ಯಾರೂ ‘ಗಾನ್ ಆಫ್’ ಅನ್ನಲ್ಲ.

ಸಿರಿಲ್: ಬಚ್ಚಲು ದೂರ ಇದ್ರೆ ಅಂತಾರೆ.

ಲ್ಯಾಂಕಾಶೈರಿನ ಹಾಸ್ಲಿಂಗ್ಡನ್ನಿನಲ್ಲಿ, ನಮ್ಮ ಬೀದಿಯ ಕೊನೆಯ ಮನೆಯ ಅಡುಗೆಕೋಣೆಯಲ್ಲಿ ಈ ಚರ್ಚೆ ನಡೆದಿತ್ತು. ಸಿರಿಲ್ ಎಂಟ್ವಿಸಲ್ ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತನಾದವನು. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂದು ಹೇಳುವ ಕೆಲಸವನ್ನು ಅವನ ಹೆಂಡತಿ ಥೆಲ್ಮಾ ಮನೆಯಲ್ಲಿ ಮುಂದುವರಿಸಿದ್ದಳು. ಇವರಿಬ್ಬರ ನಡುವೆ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಕತ್ತು ತಿರುಗಿಸುತ್ತ ಕುಳಿತಿದ್ದವಳು ಪಿರೋಷ್ಕಾ. ಹಂಗೇರಿಯ ಸೆಗೆಡ್ ಊರಿನವಳು, ಇವರ ಮಹಡಿಯ ಕೋಣೆಯ ಬಾಡಿಗೆದಾರಳು, ಊರಿನ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಅವಳ ಇಂಗ್ಲಿಷು ಬಹುಪಾಲು ಅಪ್ಪಣೆಗಳದ್ದು: ಬಾಯಿ ತೆರೆಯಿರಿ, ಇನ್ನೂ ಅಗಲಿಸಿ, ಉಗುಳಿರಿ. ಎದುರಿನವರು ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಉತ್ತರ ಕೊಡುತ್ತಿದ್ದುದರಿಂದ, ಹೇಳುವುದನ್ನು ಕಲಿತಷ್ಟು ಚೆನ್ನಾಗಿ ಕೇಳುವುದನ್ನು ಕಲಿಯಲು ಅವಳಿಗೆ ಅವಕಾಶವಾಗಿರಲಿಲ್ಲ.

ಹಾಗೆ ಬಾಯಿ ತೆರೆದವರಲ್ಲಿ ಒಬ್ಬ ನಾರಿಸ್ ಪಿಲ್ಲಿಂಗ್. ಮುಖ್ಯ ಬೀದಿಯ ಮಾಂಸದಂಗಡಿ ಅವನದು. ಅವನ ತಾತನದೂ ಆಗಿತ್ತು. ದವಡೆಹಲ್ಲು ಕೀಳಿಸಿಕೊಳ್ಳಲು ಬಂದವನು, ಕಿತ್ತ ಮೇಲೂ ಬರತೊಡಗಿದ. ಈಗ ಸಂಬಂಧ ಎಲ್ಲಿಗೆ ಬಂದಿತ್ತೆಂದರೆ, ನಾಳೆ ಭಾನುವಾರ ಅವನ ತಾಯಿಯ ಮನೆಯಲ್ಲಿ ಊಟ. ಅಲ್ಲಿ ನಾರಿಸ್ ಒಂದು ಪ್ರಶ್ನೆ ಕೇಳುತ್ತಾನೆಂದು ಇಡೀ ಬೀದಿಗೆ ಗೊತ್ತಿತ್ತು. ಆದರೆ ಸ್ವಲ್ಪ ಹೊತ್ತಿನ ಮುಂಚೆ ಪಿರೋಷ್ಕಾ ಅಂಗಡಿಗೆ ಫೋನು ಮಾಡಿದಾಗ ತಾಯಿ ಎತ್ತಿಕೊಂಡು, “ಹೀಸ್ ಗಾನ್ ಆಫ್, ಕಂದಾ. ನಾಳೆ ಬರ್ಬೇಡ” ಎಂದು ಹೇಳಿ ಇಟ್ಟುಬಿಟ್ಟಿದ್ದಳು.

ಇದು ಸಾಲದೆಂಬಂತೆ, ಸೆಗೆಡಿನ ಅವಳ ಹಳೆಯ ಡಾಕ್ಟರು ವಾಪಸು ಕೆಲಸಕ್ಕೆ ಬರುತ್ತೀಯೋ ಇಲ್ಲವೋ ಎಂದು ಇವತ್ತು ಸಂಜೆಯೊಳಗೆ ತಿಳಿಸಲು ಹೇಳಿದ್ದರು.

ಪಿರೋಷ್ಕಾ: ಕ್ಷಮಿಸಿ. ‘ಗೋ’ ಎಂದರೆ ಹೋಗು. ಅದು ನನಗೆ ಗೊತ್ತಿದೆ. ‘ಆಫ್’ ಎಂದರೆ ದೀಪ ಆರುವುದು. ಅದೂ ಗೊತ್ತಿದೆ. ಇಬ್ಬರೂ ಜೊತೆಯಾಗಿ ಬಂದರೆ ನನಗೆ ಗುರುತು ಸಿಗುವುದಿಲ್ಲ.

ಸಿರಿಲ್: ಅಷ್ಟೇನಾ? ಸುಲಭ ಮಗಳೇ. ನಮ್ಮ ಹೀಟರ್ ‘ಗೋಸ್ ಆಫ್’ ಅಂದ್ರೆ ಏನು? ನಿಂತ್ಹೋಗುತ್ತೆ.

ಪಿರೋಷ್ಕಾ: ನಾರಿಸ್ ನಿಂತುಹೋದರೇ?

ಥೆಲ್ಮಾ: ಬಿಡು, ಇವನ ಮಾತು ಕೇಳ್ಬೇಡ. ನಾನು ಹೇಳ್ತೀನಿ. ದಿನಾ ಬೆಳಿಗ್ಗೆ ನಿನ್ನ ಅಲಾರಾಂ ‘ಗೋಸ್ ಆಫ್’. ಅಂದ್ರೆ?

ಪಿರೋಷ್ಕಾ: ನಿಂತುಹೋಗುತ್ತದೆ.

ಥೆಲ್ಮಾ: ಇಲ್ಲ. ಹೊಡ್ಕೊಳ್ಳುತ್ತೆ.

ಪಿರೋಷ್ಕಾ: ಹಾಗಾದರೆ ಅದು ಆನ್.

ಥೆಲ್ಮಾ: ಅಲ್ಲ ಕಣೇ, ಆಫ್. ಹೊಡ್ಕೊಳ್ಳೋಕೆ ಶುರು ಮಾಡಿದ್ರೆ ಅದು ಆಫ್.

ಪಿರೋಷ್ಕಾ: ಮತ್ತೆ ನಾನು ಎದ್ದು ಅದರ ತಲೆಯ ಮೇಲೆ ಕುಟ್ಟಿದಾಗ?

ಸಿರಿಲ್: ಆಗ್ಲೂ ಆಫೇ.

ಪಿರೋಷ್ಕಾ: ಕೂಗಿದರೂ ಆಫ್. ಬಾಯಿ ಮುಚ್ಚಿದರೂ ಆಫ್.

ಸಿರಿಲ್: ನೋಡು, ಎಷ್ಟು ಬೇಗ ಹಿಡ್ಕೊಂಡ್ಲು.

ಪಿರೋಷ್ಕಾ: ನಾನು ಏನನ್ನೂ ಹಿಡಿದುಕೊಂಡಿಲ್ಲ. ಕೈಯಲ್ಲಿ ಇದ್ದುದೂ ಜಾರಿತು.

ಥೆಲ್ಮಾ ಟೀ ಬಸಿದಳು. ಹಾಲಿನ ಬಾಟಲಿಯ ಮುಚ್ಚಳ ತೆಗೆದು ಮೂಗಿನ ಬಳಿ ಹಿಡಿದಳು. ಮುಖ ಒಮ್ಮೆ ಸಿಂಡರಿಸಿತು.

ಥೆಲ್ಮಾ: ಥೂ, ಗಾನ್ ಆಫ್.

ಪಿರೋಷ್ಕಾ: ಯಾರು?

ಥೆಲ್ಮಾ: ಹಾಲು.

ಪಿರೋಷ್ಕಾ: ಎಲ್ಲಿಗೆ?

ಥೆಲ್ಮಾ: ಎಲ್ಲಿಗೂ ಇಲ್ಲ, ಇಲ್ಲೇ ಇದೆ. ಕೆಟ್ಟುಹೋಗಿದೆ. ನಾತ ಬಂದಿದೆ.

ಪಿರೋಷ್ಕಾ ಬಾಟಲಿಯನ್ನೇ ನೋಡುತ್ತ ನಿಧಾನವಾಗಿ ಕೈಯನ್ನು ಬಾಯಿಗೆ ಒಯ್ದಳು.

ಪಿರೋಷ್ಕಾ: ಮಾಂಸದ ಅಂಗಡಿಯಲ್ಲಿ ಈ ಮಾತನ್ನು ಈ ಅರ್ಥದಲ್ಲಿ ಹೆಚ್ಚು ಬಳಸುತ್ತಾರೆಯೇ?

ಸಿರಿಲ್: ಅಯ್ಯೋ, ನಾರಿಸ್ ಗುರುವಾರ ಚೆನ್ನಾಗೇ ಇದ್ದ. ನಾನೇ ನೋಡ್ದೆ. ಎರಡು ದಿನಕ್ಕೆಲ್ಲ ಕೆಡೋ ಗಾತ್ರ ಅಲ್ಲ ಅವನದು.

ಥೆಲ್ಮಾ: ಸಿರಿಲ್.

ಸಿರಿಲ್: ಸಮಾಧಾನ ಹೇಳ್ದೆ ಅಷ್ಟೆ. ಇನ್ನೊಂದಿದೆ ಕೇಳು. ಯುದ್ಧದ ಕಾಲದಲ್ಲಿ ನಮ್ಮಜ್ಜಿ ಕೋಳಿಗೂಡಿನ ಹಿಂದೆ ಒಂದು ಬಾಂಬು ‘ವೆಂಟ್ ಆಫ್’. ಅಂದ್ರೆ ಸಿಡೀತು. ಇವಳ ತಂಗಿ ಡೋರೀನೂ ಹಾಗೇ, ಯಾವಾಗ ‘ಗೋಸ್ ಆಫ್’ ಅಂತ ಹೇಳೋಕಾಗಲ್ಲ. ಕ್ರಿಸ್ಮಸ್ ದಿನ ಸಿಡಿದ್ಲು, ಈಸ್ಟರ್ ದಿನ ಸಿಡಿದ್ಲು.

ಥೆಲ್ಮಾ: ನನ್ನ ತಂಗಿ ಬಾಂಬಲ್ಲ.

ಸಿರಿಲ್: ಅಲ್ಲ. ಬಾಂಬು ಒಂದೇ ಸಲ ಸಿಡಿಯೋದು.

ಥೆಲ್ಮಾ: ನೀನು ಅವಳ ಟೋಪಿ ಮೇಲೆ ಕೂತ್ಕೊಂಡೆ, ಸಿಡೀದೆ ಏನ್ಮಾಡ್ತಾಳೆ? ಇವನನ್ನ ಬಿಡು ಪಿರೋಷ್ಕಾ. ಮಗು ಅಳ್ತಾ ಅಳ್ತಾ ನಿದ್ದೆಹೋದ್ರೂ ‘ಗಾನ್ ಆಫ್’ ಅಂತೀವಿ. ಪಾಪ ನಾರಿಸ್ ಒಳಗೆ ಮಲಗಿ ಒಂದು ಜೊಂಪು ನಿದ್ದೆ ಮಾಡ್ತಿರ್ಬಹುದು. ಅಷ್ಟೇ ಇರುತ್ತೆ.

ಪಿರೋಷ್ಕಾ: ಮಲಗಿದ್ದರೆ ನಾಳೆಯೊಳಗೆ ಎಚ್ಚರವಾಗುತ್ತದೆ. ಸಿಡಿದಿದ್ದರೆ ಇಲ್ಲಿಗೆ ಸದ್ದು ಕೇಳಿಸುತ್ತಿತ್ತು. ಕೆಟ್ಟಿಲ್ಲ ಎಂದು ಸಿರಿಲ್ ಅವರು ಹೇಳಿದರು. ಆದರೆ ಅವರ ತಾಯಿ ‘ನಾಳೆ ಬರಬೇಡ’ ಎಂದರು. ಅದು ಯಾವ ಅರ್ಥದ ಜೊತೆ ಹೋಗುತ್ತದೆ?

ಗಂಡ ಹೆಂಡತಿ ಇಬ್ಬರೂ ಟೀ ಲೋಟದೊಳಗೆ ನೋಡತೊಡಗಿದರು. ಅದು ಯಾವ ಅರ್ಥದ ಜೊತೆ ಹೋಗುತ್ತದೆಂದು ಇಬ್ಬರಿಗೂ ಮೊದಲಿನಿಂದಲೇ ಗೊತ್ತಿತ್ತು. ಆದರೆ ನಮ್ಮ ಕಡೆಯ ಜನ ಅಹಿತವಾದ ಮಾತನ್ನು ಬಾಯಿಂದ ಆಡುವ ಬದಲು ಒಲೆಯ ಮೇಲೆ ಇನ್ನೊಂದು ಕೆಟಲು ನೀರಿಡುತ್ತಾರೆ. ಥೆಲ್ಮಾ ಎದ್ದುಹೋಗಿ ಅದನ್ನೇ ಮಾಡಿದಳು, ಮೊದಲ ಟೀಯನ್ನು ಇನ್ನೂ ಯಾರೂ ಕುಡಿದಿರಲಿಲ್ಲವಾದರೂ.

ಪಿರೋಷ್ಕಾ: ಇನ್ನೊಂದು ಅರ್ಥ ಇದೆ.

ಥೆಲ್ಮಾ: ಇಲ್ಲ.

ಸಿರಿಲ್: ಇಲ್ಲ.

ಪಿರೋಷ್ಕಾ: ನೀವಿಬ್ಬರೂ ಇವತ್ತು ಮೊದಲ ಸಲ ಒಂದೇ ಮಾತು ಹೇಳಿದಿರಿ. ಹಾಗಾದರೆ ಖಂಡಿತ ಇದೆ.

ಸಿರಿಲ್: ಇದೆ, ಆದ್ರೆ ಅದು ತಿಂಡಿ ಪದಾರ್ಥಕ್ಕೆ ಹೇಳೋದು. ಈಗ ನೋಡು, ಒಂದು ಕಾಲಕ್ಕೆ ನಂಗೆ ರೈಸ್ ಪುಡಿಂಗ್ ಅಂದ್ರೆ ಪ್ರಾಣ. ಆಮೇಲೆ ‘ಐ ವೆಂಟ್ ಆಫ್ ಇಟ್’. ಅಂದ್ರೆ ಬೇಡ ಅನ್ನಿಸ್ತು. ಪುಡಿಂಗ್ ಏನೂ ತಪ್ಪು ಮಾಡಿರ್ಲಿಲ್ಲ, ಪಾಪ. ಒಂದಿನ ಬಟ್ಟಲು ಮುಂದೆ ಬಂತು, ನೋಡ್ದೆ, ಸಾಕಪ್ಪಾ ಅನ್ನಿಸ್ತು.

ಥೆಲ್ಮಾ ಒಲೆಯ ಮುಂದಿನಿಂದ ತಿರುಗಿ ನಿಂತಳು.

ಥೆಲ್ಮಾ: ಯಾವತ್ತು?

ಸಿರಿಲ್: ಏನ್ ಯಾವತ್ತು?

ಥೆಲ್ಮಾ: ಸಾಕಪ್ಪಾ ಅನ್ನಿಸಿದ್ದು ಯಾವತ್ತು?

ಸಿರಿಲ್: ಸುಮ್ನೆ ಉದಾಹರಣೆಗೆ ಹೇಳ್ದೆ.

ಥೆಲ್ಮಾ: ಈ ಮಂಗಳವಾರವೂ ಮಾಡಿದೀನಿ. ಎರಡು ಸಲ ಹಾಕಿಸ್ಕೊಂಡೆ.

ಸಿರಿಲ್: ನೀನು ಸೌಟು ಹಿಡ್ಕೊಂಡು ನಿಂತಿದ್ಯಲ್ಲ.

ಥೆಲ್ಮಾ: ಯಾವತ್ತು, ಸಿರಿಲ್?

ಸಿರಿಲ್: ನಮ್ಮ ಜೂಡಿ ಹುಟ್ಟೋಕೆ ಸ್ವಲ್ಪ ಮುಂಚೆ.

ಥೆಲ್ಮಾ: ಜೂಡಿಗೆ ಈಗ ಮೊಮ್ಮಗ ಆಗೋ ವಯಸ್ಸು.

ಸಿರಿಲ್: ಹೇಳೋಣ ಅಂತಾನೇ ಇದ್ದೆ. ಸರಿಯಾದ ಸಂದರ್ಭ ಬರ್ಲಿಲ್ಲ.

ಪಿರೋಷ್ಕಾ ಮೇಜಿನ ಮೇಲೆ ಎರಡು ಬೆರಳಿಂದ ಮೆಲ್ಲನೆ ತಟ್ಟಿದಳು. ನೋವಾಗುತ್ತಿದೆಯೇ ಎಂದು ಕೇಳುವ ಮುಂಚೆ ಅವಳು ರೋಗಿಗಳ ಕುರ್ಚಿಯ ಕೈಯನ್ನು ಹಾಗೆ ತಟ್ಟುವುದುಂಟು.

ಪಿರೋಷ್ಕಾ: ಪುಡಿಂಗಿನ ಮೇಲೆ ಆಗುವಂತೆ, ಮನುಷ್ಯರ ಮೇಲೂ ಇದು ಆಗುತ್ತದೆಯೇ?

ಸಿರಿಲ್: ಸಾಮಾನ್ಯವಾಗಿ ಆಗಲ್ಲ.

ಥೆಲ್ಮಾ: ಆಗುತ್ತೆ. ನಂಗೆ ಆಗಿತ್ತು.

ಸಿರಿಲ್: ಯಾರ ಮೇಲೆ?

ಥೆಲ್ಮಾ: ನಿನ್ ಮೇಲೆ. ಇನ್ಯಾರ ಮೇಲೆ? ನಾನೇನು ಊರವರನ್ನೆಲ್ಲ ಕಟ್ಕೊಂಡಿದ್ನಾ?

ಸಿರಿಲ್: ಯಾವಾಗ?

ಥೆಲ್ಮಾ: ಮೀಸೆ ಬಿಟ್ಟಿದ್ಯಲ್ಲ, ಆಗ. ಬಸ್ ಡಿಪೋದಲ್ಲಿ ಯಾರೋ ಬಿಟ್ಟಿದಾರೆ ಅಂತ ನೀನೂ ಬಿಟ್ಟೆ. ಮೂಗಿನ ಕೆಳಗೆ ಒದ್ದೆ ಹಲ್ಲುಜ್ಜೋ ಬ್ರಶ್ ಅಂಟಿಸ್ಕೊಂಡ ಹಾಗಿತ್ತು. ಒಂದಿನ ಬೆಳಿಗ್ಗೆ ಎದ್ದು ಪಕ್ಕಕ್ಕೆ ನೋಡ್ದೆ. ಅಷ್ಟೇ.

ಸಿರಿಲ್: ಅದು ಎರಡು ವರ್ಷ ಇತ್ತು.

ಥೆಲ್ಮಾ: ಗೊತ್ತು. ನಾನೂ ಅಲ್ಲೇ ಇದ್ದೆ.

ಸಿರಿಲ್: ಎರಡು ವರ್ಷ ಪೂರ್ತಿನಾ?

ಥೆಲ್ಮಾ: ನಡುವೆ ಒಂದ್ಸಲ ನಿಂಗೆ ಜ್ವರ ಬಂದಿತ್ತಲ್ಲ, ಆ ವಾರ ಬಿಟ್ಟು.

ಸಿರಿಲ್: ಒಂದು ಮಾತು ಹೇಳಿದ್ರೆ ಅವತ್ತೇ ಬೋಳಿಸ್ತಿದ್ದೆ.

ಥೆಲ್ಮಾ: ಕನ್ನಡಿ ಮುಂದೆ ನಿಂತು ಪುಟ್ಟ ಬಾಚಣಿಗೇಲಿ ಬಾಚ್ಕೊಳ್ತಾ ಇದ್ದೆ. ಅಷ್ಟು ಖುಷಿ ನಿಂಗೆ. ಹೇಳೋಕೆ ಮನಸ್ಸು ಬರ್ಲಿಲ್ಲ.

ಸಿರಿಲ್ ತುಟಿಯ ಮೇಲೆ ಬೆರಳಾಡಿಸಿಕೊಂಡ. ಅಲ್ಲಿ ಈಗ ಏನೂ ಇರಲಿಲ್ಲ.

ಸಿರಿಲ್: ಆಮೇಲೆ? ವಾಪಸ್ ಬಂದ್ಯಾ?

ಥೆಲ್ಮಾ: ಬಂದಿರ್ಬೇಕು. ನೋಡ್ಕೊಂಡಿಲ್ಲ.

ಪಿರೋಷ್ಕಾ: ವಾಪಸು ಬರುವುದಕ್ಕೆ ಏನು ಹೇಳುತ್ತಾರೆ? ‘ಗೋ ಆನ್’ ಎನ್ನುತ್ತಾರೆಯೇ?

ಸಿರಿಲ್: ಇಲ್ಲ, ‘ಗೋ ಆನ್’ ಅಂದ್ರೆ ಮುಂದುವರಿಸು ಅಂತ.

ಥೆಲ್ಮಾ: ಇಲ್ಲಾಂದ್ರೆ, ‘ಹೋಗೋ, ನಂಬಲ್ಲ’ ಅಂತ.

ಪಿರೋಷ್ಕಾ: ಅಂದರೆ ನಿಮ್ಮ ಭಾಷೆಯಲ್ಲಿ ಬೇಡವಾಗುವುದಕ್ಕೆ ಮಾತಿದೆ, ಮತ್ತೆ ಬೇಕಾಗುವುದಕ್ಕೆ ಇಲ್ಲ.

ಕೆಟಲು ಸೀಟಿ ಹೊಡೆಯಿತು, ಯಾರೂ ಏಳಲಿಲ್ಲ.

ಪಿರೋಷ್ಕಾ: ನಾನು ಈಗಲೇ ಅಂಗಡಿಗೆ ಫೋನು ಮಾಡುತ್ತೇನೆ. ನಾರಿಸ್ ಅವರಿಗೆ ನಾನು ಬೇಕೇ ಬೇಡವೇ ಎಂದು ಕೇಳುತ್ತೇನೆ.

ಥೆಲ್ಮಾ: ಕೇಳೋದಾ? ಹಾಗೇ, ನೆಟ್ಟಗೆ?

ಪಿರೋಷ್ಕಾ: ಹೌದು.

ಥೆಲ್ಮಾ: ಬೇಡ ಕಂದಾ. ನೀನು ಹೊಸಬಳು, ನಿಂಗೆ ಗೊತ್ತಾಗಲ್ಲ. ಹಾಗೆಲ್ಲ ಕೇಳಿದ್ರೆ ಅವರು ಉತ್ತರ ಹೇಳ್ಬೇಕಾಗುತ್ತೆ.

ಪಿರೋಷ್ಕಾ: ಅದಕ್ಕೇ ಕೇಳುವುದು.

ಸಿರಿಲ್: ಉತ್ತರ ಹೇಳಿಬಿಟ್ರೆ ಆಮೇಲೆ ಅದು ಇಬ್ರಿಗೂ ಗೊತ್ತಾಗಿಬಿಡುತ್ತೆ ನೋಡು. ಊರಲ್ಲಿ ಮುಖ ಮುಖ ನೋಡೋದು ಬೇಡ್ವಾ?

ಥೆಲ್ಮಾ: ಒಂದೆರಡು ವಾರ ಸುಮ್ನಿರು. ಅಂಗಡಿ ಮುಂದೆ ಹೋಗ್ತಾ ಬರ್ತಾ ಇರು. ಸಾಸೇಜ್ ಕಟ್ಟಿಕೊಡುವಾಗ ನಗ್ತಾನಾ ನೋಡು. ನಕ್ಕರೆ ಒಂದರ್ಥ, ನಗದಿದ್ರೆ ಇನ್ನೊಂದರ್ಥ.

ಪಿರೋಷ್ಕಾ: ಸೆಗೆಡಿನ ಡಾಕ್ಟರು ಒಂದೆರಡು ವಾರ ಕಾಯುವುದಿಲ್ಲ. ಸಂಜೆಯೊಳಗೆ ಎಂದಿದ್ದಾರೆ. ಸರಿ. ಇಲ್ಲಿ ಯಾರನ್ನೂ ಏನೂ ಕೇಳಬಾರದು ಎಂದರೆ, ಪ್ರಶ್ನೆ ಕೇಳಿದವರಿಗೆ ನಾನು ಉತ್ತರ ಹೇಳುತ್ತೇನೆ.

ಅವಳು ಎದ್ದು ಹಜಾರಕ್ಕೆ ಹೋದಳು. ಫೋನಿನ ಗುಂಡಿಗಳನ್ನು ಒಂದೊಂದಾಗಿ ಒತ್ತುವ ಸದ್ದು ಅಡುಗೆಕೋಣೆಗೆ ಕೇಳಿಸುತ್ತಿತ್ತು.

ಥೆಲ್ಮಾ: ನೀನು ಆ ಪುಡಿಂಗ್ ವಿಷ್ಯ ತೆಗೀದೇ ಇದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ.

ಸಿರಿಲ್: ನನ್ನ ಪುಡಿಂಗು ಬಟ್ಟಲಲ್ಲಿತ್ತು. ನಿನ್ನ ಮೀಸೆ ಅವಳನ್ನ ಊರಿಂದಲೇ ಓಡಿಸ್ತಿದೆ.

ಬಾಗಿಲ ಗಂಟೆ ಬಡಿಯಿತು. ಹಜಾರದಲ್ಲೇ ಇದ್ದ ಪಿರೋಷ್ಕಾ ಒಂದು ಕೈಯಲ್ಲಿ ಫೋನು ಹಿಡಿದೇ ಇನ್ನೊಂದು ಕೈಯಿಂದ ಬಾಗಿಲು ತೆಗೆದಳು. ಹೊರಗೆ ನಾರಿಸನ ತಾಯಿ ಮಿಸೆಸ್ ಪಿಲ್ಲಿಂಗ್ ನಿಂತಿದ್ದಳು. ತಲೆಯ ಮೇಲೆ ಚರ್ಚಿಗೆ ಹಾಕುವ ಹ್ಯಾಟು, ಕೋಟಿನ ಕೆಳಗೆ ಅಂಗಡಿಯ ಪಟ್ಟೆಪಟ್ಟೆಯ ಏಪ್ರನ್ನು. ಫೋನಿನೊಳಗೆ ಯಾರೋ ಹಂಗೇರಿಯನ್ನಿನಲ್ಲಿ ‘ಹಲೋ, ಹಲೋ’ ಎನ್ನುತ್ತಿದ್ದರು. ಪಿರೋಷ್ಕಾ ಅದನ್ನು ಕೆಳಗಿಟ್ಟಳು.

ಮಿಸೆಸ್ ಪಿಲ್ಲಿಂಗ್: ಅಂಗಡೀನ ಕೆಲಸದ ಹುಡುಗನಿಗೆ ಬಿಟ್ಟು ಬಂದಿದೀನಿ, ನಾನು ಕೂತ್ಕೊಳ್ಳಲ್ಲ.

ಹಾಗೆಂದು ಒಳಗೆ ಬಂದು ಸಿರಿಲ್‌ನ ಕುರ್ಚಿಯಲ್ಲಿ ಕುಳಿತಳು.

ಥೆಲ್ಮಾ: ಹವೆ ಸ್ವಲ್ಪ ತಣ್ಣಗಾಯ್ತು ಅಲ್ವಾ, ಮಿಸೆಸ್ ಪಿಲ್ಲಿಂಗ್?

ಮಿಸೆಸ್ ಪಿಲ್ಲಿಂಗ್: ಹೌದು, ಮೋಡ ಆಗಿದೆ.

ಸಿರಿಲ್: ಸಂಜೆಗೆ ಮಳೆ ಬರ್ಬಹುದು.

ಪಿರೋಷ್ಕಾ: ನಾರಿಸ್ ನನ್ನ ಮೇಲೆ ‘ಗಾನ್ ಆಫ್’ ಆಗಿದ್ದಾರೆಯೇ?

ಥೆಲ್ಮಾ ಕಣ್ಣು ಮುಚ್ಚಿಕೊಂಡಳು. ಸಿರಿಲ್ ಕಿಟಕಿಯ ಕಡೆ ತಿರುಗಿ ಮೋಡ ನೋಡತೊಡಗಿದ.

ಮಿಸೆಸ್ ಪಿಲ್ಲಿಂಗ್: ನಿನ್ ಮೇಲಾ? ಯಾರು ಹೇಳಿದ್ದು? ನಿನ್ನ ಬಿಳಿ ಕೋಟಿನ ಫೋಟೋ ತಕ್ಕಡಿ ಪಕ್ಕ ನಿಲ್ಲಿಸಿದಾನೆ. ಗಿರಾಕಿಗಳು ಆರೋಗ್ಯ ಇಲಾಖೆಯವಳು ಅಂದ್ಕೊಂಡು ಮಾಂಸ ಮುಟ್ಟಿ ನೋಡೋದನ್ನೇ ಬಿಟ್ಟಿದಾರೆ.

ಪಿರೋಷ್ಕಾ: ನೀವು ಫೋನಿನಲ್ಲಿ ‘ಗಾನ್ ಆಫ್’ ಎಂದಿರಿ. ಯಾವುದರ ಮೇಲೆ ಎಂದು ಹೇಳಲಿಲ್ಲ.

ಮಿಸೆಸ್ ಪಿಲ್ಲಿಂಗ್: ಹೇಗೆ ಹೇಳ್ಲಿ? ಅಂಗಡಿ ತುಂಬ ಜನ. ಅವರ ಮುಂದೆ ಆ ಪದ ಬಾಯಲ್ಲಿ ಹೇಗೆ ತರ್ಲಿ?

ಥೆಲ್ಮಾ: ಯಾವ ಪದ?

ಮಿಸೆಸ್ ಪಿಲ್ಲಿಂಗ್ ಅತ್ತಿತ್ತ ನೋಡಿದಳು. ಅಡುಗೆಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದಳು.

ಮಿಸೆಸ್ ಪಿಲ್ಲಿಂಗ್: ಮಾಂಸ.

ಸಿರಿಲ್: ಏನು?

ಮಿಸೆಸ್ ಪಿಲ್ಲಿಂಗ್: ನನ್ನ ಮಗ ಮಾಂಸದ ಮೇಲೆ ‘ಗಾನ್ ಆಫ್’ ಆಗಿದಾನೆ. ಬುಧವಾರ ಹಂದಿ ಬಂತು. ಕತ್ತಿ ಎತ್ತಿದವನು ಅದರ ಮುಖ ನೋಡಿ ಹಾಗೇ ನಿಂತ್ಬಿಟ್ಟ. ‘ಅಮ್ಮಾ, ಇದು ನಮ್ಮ ವಿಲ್ಫ್ರೆಡ್ ಮಾಮನ ಥರ ಇದೆ’ ಅಂದ.

ಥೆಲ್ಮಾ: ಇತ್ತಾ?

ಮಿಸೆಸ್ ಪಿಲ್ಲಿಂಗ್: ಇತ್ತು. ಅದೇ ಕಷ್ಟ ಆಗಿದ್ದು. ನಂಗೂ ಕಾಣಿಸ್ತು. ಅವತ್ತಿಂದ ತಿನ್ನಲ್ಲ, ಮುಟ್ಟಲ್ಲ. ಗುರುವಾರ ಪೂರ್ತಿ ಮಾಂಸಕ್ಕೆ ಬೆನ್ನು ತಿರುಗಿಸ್ಕೊಂಡು ಬರೀ ಮೊಟ್ಟೆ ಮಾರಿದ. ನಾಳೆ ಇವಳನ್ನ ಊಟಕ್ಕೆ ಕರೆದು ಮೇಜಿನ ಮೇಲೆ ಏನಿಡ್ಲಿ ನಾನು? ಹೂಕೋಸು? ಪಿಲ್ಲಿಂಗ್ ಮನೇಲಿ ಭಾನುವಾರ ಹೂಕೋಸು ಅಂತ ಊರು ಮಾತಾಡ್ಬೇಕಾ?

ಅವಳ ಹ್ಯಾಟು ನಡುಗುತ್ತಿತ್ತು. ಥೆಲ್ಮಾ ಹಾಲಿಲ್ಲದ ಟೀಯನ್ನು ಅವಳ ಮುಂದೆ ತಳ್ಳಿದಳು.

ಮಿಸೆಸ್ ಪಿಲ್ಲಿಂಗ್: ನಿಮ್ಮ ಕಡೆಯವರು ಮಾಂಸ ಚೆನ್ನಾಗಿ ತಿಂತಾರೆ ಅಂತ ಕೇಳಿ ನಾನು ಒಪ್ಪಿದ್ದು ಕಣಮ್ಮ, ಸುಳ್ಳು ಯಾಕೆ ಹೇಳ್ಲಿ. ಈಗ ಅವನು ಮಹಡಿ ಮೇಲೆ ಬಾಗಿಲು ಹಾಕ್ಕೊಂಡು ಕೂತಿದಾನೆ. ಮಾಂಸ ಕಡಿಯೋಕಾಗದ ಕಟುಕನ್ನ ಯಾವ ಹುಡುಗಿ ಕಟ್ಕೋತಾಳೆ ಅಂತಾನೆ. ಎರಡು ಸಲ ಅತ್ತ. ಅವರಪ್ಪ ಸತ್ತಾಗ್ಲೂ ಒಂದೇ ಸಲ ಅತ್ತಿದ್ದು.

ಪಿರೋಷ್ಕಾ: ಮೀನು ತಿನ್ನುತ್ತಾರೆಯೇ? ಸೆಗೆಡಿನಲ್ಲಿ ನಾವು ಮೀನಿನ ಸಾರು ಮಾಡುತ್ತೇವೆ.

ಮಿಸೆಸ್ ಪಿಲ್ಲಿಂಗ್: ಕೇಳಿಲ್ಲ.

ಪಿರೋಷ್ಕಾ: ಏಕೆ ಕೇಳಿಲ್ಲ?

ಮಿಸೆಸ್ ಪಿಲ್ಲಿಂಗ್: ಮೀನು ಎದುರಂಗಡಿಯವರದು.

ಪಿರೋಷ್ಕಾ ಗೋಡೆಯ ಮೊಳೆಯಿಂದ ಕೋಟು ತೆಗೆದು ತೋಳು ತೂರಿಸಿದಳು.

ಮಿಸೆಸ್ ಪಿಲ್ಲಿಂಗ್: ಈಗ್ಲೇ ಹೋಗ್ತೀಯಾ? ಅವನಿಗೆ ಹೇಳದೇನೇ? ಬರೀ ಬನಿಯನ್ನಲ್ಲಿದಾನೆ.

ಪಿರೋಷ್ಕಾ: ಮಾಂಸ ಬಿಟ್ಟರೆ ಚಿಂತೆಯಿಲ್ಲ. ಒಳಗೊಳಗೇ ಇಟ್ಟುಕೊಂಡು ಅಳುವುದನ್ನು ಬಿಡಿಸಬೇಕು. ಇನ್ನೆರಡು ವರ್ಷ ತಡ ಮಾಡಿದರೆ ಕಷ್ಟ.

ಇದು ಯಾರಿಗೆ ಹೇಳಿದ್ದೆಂದು ಸಿರಿಲ್ ಮತ್ತು ಥೆಲ್ಮಾ ಇಬ್ಬರಿಗೂ ಅರ್ಥವಾಯಿತು. ಇಬ್ಬರೂ ಅರ್ಥವಾಗದವರಂತೆ ಕುಳಿತರು. ಬಾಗಿಲು ಹಾಕಿಕೊಂಡಿತು. ಮಿಸೆಸ್ ಪಿಲ್ಲಿಂಗ್ ಮೂರು ಲೋಟ ಟೀ ಕುಡಿದು, ಮೋಡದ ಬಗ್ಗೆ ಇನ್ನೂ ಸ್ವಲ್ಪ ಮಾತಾಡಿ, ಅಂಗಡಿ ಮುಚ್ಚುವ ಹೊತ್ತಾಯಿತೆಂದು ಎದ್ದುಹೋದಳು.

ದೀಪ ಹಚ್ಚುವ ಹೊತ್ತಿಗೆ ಪಿರೋಷ್ಕಾ ಹಿಂದಿರುಗಿದಳು. ಮಳೆಯಲ್ಲಿ ಪೂರ್ತಿ ನೆನೆದಿದ್ದಳು. ಕೋಟು ತೆಗೆಯದೆ ನೇರವಾಗಿ ಹಜಾರದ ಫೋನಿಗೆ ಹೋಗಿ ಹಂಗೇರಿಯನ್ನಿನಲ್ಲಿ ಒಂದು ಚಿಕ್ಕ ಮಾತು ಹೇಳಿ ಇಟ್ಟಳು. ಅದು ‘ಇಲ್ಲ’ ಎಂಬ ಮಾತೆಂದು ಆ ಭಾಷೆ ಬಾರದ ಸಿರಿಲ್‌ಗೂ ಗೊತ್ತಾಯಿತು.

ಥೆಲ್ಮಾ: ಬಾಗಿಲು ತೆಗೆದ್ನಾ?

ಪಿರೋಷ್ಕಾ: ತೆಗೆದರು. ಮೊದಲು ಅಂಗಿ ಹಾಕಿಕೊಂಡರು, ಆಮೇಲೆ ತೆಗೆದರು. ಅಂಗಡಿಯಲ್ಲಿ ಇನ್ನು ಮುಂದೆ ಚೀಸ್ ಮಾರುತ್ತಾರಂತೆ. ತಾಯಿ ಒಪ್ಪಿಲ್ಲ. ನಾನು ಒಪ್ಪಿಸುತ್ತೇನೆ.

ಸಿರಿಲ್: ಮತ್ತೆ ಪ್ರಶ್ನೆ? ಕೇಳಿದ್ನಾ ಇಲ್ವಾ?

ಪಿರೋಷ್ಕಾ: ಕೇಳಿದರು. ನನ್ನ ಕೈ ಹಿಡಿದುಕೊಂಡು, ನೆಲ ನೋಡುತ್ತ, ‘ಕುಡ್ ಯು ಪುಟ್ ಅಪ್ ವಿತ್ ಮೀ?’ ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಅದಕ್ಕೇ ನಾನು ತಕ್ಷಣ ಹೌದು ಎಂದೆ. ಯಾವುದಕ್ಕೆ ಹೌದು ಎಂದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ದಯವಿಟ್ಟು ಹೇಳಿ, ‘ಪುಟ್ ಅಪ್ ವಿತ್’ ಎಂದರೆ ಏನು?

ಸಿರಿಲ್: ಸಹಿಸ್ಕೊಳ್ಳೋದು.

ಥೆಲ್ಮಾ: ಮದ್ವೆ ಆಗೋದು.

ಇಬ್ಬರೂ ಒಂದೇ ಉಸಿರಿಗೆ ಹೇಳಿದ್ದರು. ಪಿರೋಷ್ಕಾಳ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಮೊದಲು ಗಂಡನ ಮುಖ ನೋಡಿದಳು, ಆಮೇಲೆ ಹೆಂಡತಿಯ ಮುಖ.

ಪಿರೋಷ್ಕಾ: ಎರಡರಲ್ಲಿ ಯಾವುದು ಸರಿ?

ಥೆಲ್ಮಾ: ನಾವು ಎರಡೆಲ್ಲಿ ಹೇಳಿದ್ವಿ?